ಗಾಡಿ ನಿಂತಾಗ ಕೇಳಬೇಕಾದ ಮೂರು ಪ್ರಶ್ನೆ: ಮೈಸೂರಿನ ಯೆಜ್ಡಿಯ ಕಥೆ

ಇವತ್ತು ರಾಜರ ಕಥೆ ಅಲ್ಲ, ಯುದ್ಧದ ಕಥೆಯೂ ಅಲ್ಲ. ರಸ್ತೆ ಪಕ್ಕದಲ್ಲಿ ನಿಂತುಹೋದ ಒಂದು ಬೈಕಿನ ಕಥೆ.

ಅಪ್ಪನ ಹಳೇ ಯೆಜ್ಡಿ ತಗೊಂಡು ಮೈಸೂರಿನಿಂದ ನಂಜನಗೂಡಿಗೆ ಹೊರಟಿದ್ದೆ. ಎಂಟು-ಹತ್ತು ಕಿಲೋಮೀಟರ್ ಚೆನ್ನಾಗಿ ಓಡಿದ ಗಾಡಿ ನಿಂತೇಬಿಡ್ತು. ಕಿಕ್ ಹೊಡೆದು ಹೊಡೆದು ಕಾಲು ಸೋತು ಕೂತೆ. ಕಾಲು ಗಂಟೆ ಬಿಟ್ಟು ಒಂದೇ ಕಿಕ್ಕಿಗೆ ಸ್ಟಾರ್ಟ್! ಮತ್ತೆ ಸ್ವಲ್ಪ ದೂರ, ಮತ್ತೆ ಅದೇ ಗೋಳು. ಊರಿಗೆ ಬಂದು ಪ್ಲಗ್ ಬದಲಾಯಿಸಿದೆ, ಕಂಡೆನ್ಸರ್ ಬದಲಾಯಿಸಿದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ. ದುಡ್ಡು ಖರ್ಚಾಯ್ತು, ರೋಗ ಹೋಗಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋರು ಜಾವಾ ಕಂಪನಿ ಶುರುಮಾಡಿದರು. ಯಾನೆಚೆಕ್ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್ ಅನ್ನೋ ಜರ್ಮನ್ ಬೈಕಿನ ಮೊದಲ ಎರಡು ಅಕ್ಷರ ಸೇರಿ ಆ ಹೆಸರು ಬಂತು. ಮುಂದೆ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಸೇರಿ ಅದನ್ನು ನಮ್ಮ ಮೈಸೂರಿಗೆ ತಂದರು. ಐಡಿಯಲ್ ಜಾವಾ ಫ್ಯಾಕ್ಟರಿಯನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1960ರ ದಶಕದ ಶುರುವಿನಲ್ಲೇ ಬೈಕುಗಳು ಹೊರಬರತೊಡಗಿದವು. 1973ರಿಂದ ಅವುಗಳ ಹೆಸರು ಯೆಜ್ಡಿ ಆಯ್ತು.

ಇದರ ಎಂಜಿನ್ 250 ಸಿಸಿ ಟೂ-ಸ್ಟ್ರೋಕ್. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಗೇರ್ ಹಾಕೋ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್! ಎಂಜಿನ್ನಿಗೆ ಬೇಕಾದ ಆಯಿಲ್ಲನ್ನು ಪೆಟ್ರೋಲಿನಲ್ಲೇ ಕಲಸಬೇಕು. ಲೀಟರಿಗೆ ಸುಮಾರು 40 ಮಿಲಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಹಾಗಾದ್ರೆ ರೋಗ ಗೊತ್ತಾಗೋದು ಹೇಗೆ? ಕಣ್ಣು, ಕಿವಿ, ಮೂಗು, ಅಷ್ಟೇ. ಬಿಚ್ಚಿದ ಪ್ಲಗ್ಗಿನ ತುದಿ ಕಪ್ಪಗೆ ಜಿಡ್ಡಾಗಿದ್ದರೆ ಪೆಟ್ರೋಲೋ ಆಯಿಲ್ಲೋ ಜಾಸ್ತಿ. ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲ್ ಸಾಲದು, ಎಂಜಿನ್ ಕಾಯುತ್ತಿದೆ. ಕಾಫಿಪುಡಿ ಬಣ್ಣ ಇದ್ದರೆ ಕ್ಷೇಮ. ಹೊಗೆ ವಿಪರೀತ ಬಂದು ಗೇರ್ ಆಯಿಲ್ ಕಡಿಮೆ ಆಗ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ. ಎಳೆಯೋ ಶಕ್ತಿ ದಿನೇ ದಿನೇ ಕುಗ್ಗುತ್ತಿದ್ದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟಿರಬಹುದು.

ಇದೆಲ್ಲ ಗೊತ್ತಿದ್ದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಕೊನೆಗೆ ಹೋದೆ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿದರು.

"ಸ್ವಿಚ್ ಆರಿಸಿದ ಹಾಗೆ ಟಪ್ ಅಂತ ನಿಲ್ತೋ, ಉಸಿರು ಕಟ್ಟಿಕೊಂಡು ನಿಧಾನಕ್ಕೆ ನಿಲ್ತೋ?"

"ನಿಧಾನಕ್ಕೆ."

"ಹಂಗಾದ್ರೆ ಕರೆಂಟಿನ ತೊಂದರೆ ಅಲ್ಲಪ್ಪ, ಪೆಟ್ರೋಲಿಂದು. ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗ್ತದೋ?"

"ಹೋಗ್ತದೆ."

"ಈಚೆಗೆ ಗಾಡಿಗೆ ಏನ್ ಕೈ ಹಾಕಿದ್ದೆ?"

ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಲ್ವಾ? ಅದಕ್ಕೆ ಗಾಡಿಯನ್ನೆಲ್ಲ ಪಾಲಿಶ್ ಹಾಕಿ ಉಜ್ಜಿದ್ದೆ, ಟ್ಯಾಂಕಿನ ಮುಚ್ಚಳವನ್ನೂ ಸೇರಿಸಿ. ಅವರು ಒಂದು ರೌಂಡ್ ಓಡಿಸಿ ಬಂದು, ಎಂಜಿನ್ ತಡವರಿಸುತ್ತಿದ್ದಾಗಲೇ ಮುಚ್ಚಳ ತಿರುಗಿಸಿದರು. "ಸ್ಸ್..." ಅಂತ ಗಾಳಿ ಒಳಗೆ ನುಗ್ಗಿತು. ಎಂಜಿನ್ ಚೇತರಿಸಿಕೊಂಡಿತು.

ಮುಚ್ಚಳದಲ್ಲಿ ಗಾಳಿ ಹೋಗಲು ಸಣ್ಣ ತೂತು ಇರುತ್ತೆ. ನನ್ನ ಪಾಲಿಶ್ ಅದರಲ್ಲಿ ಒಣಗಿ ಕೂತಿತ್ತು. ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಬರಬೇಕು. ಬರದಿದ್ದರೆ ಪೆಟ್ರೋಲ್ ಇಳಿಯೋದೇ ನಿಲ್ಲುತ್ತೆ. ಟೂ-ಸ್ಟ್ರೋಕಿನಲ್ಲಿ ಆಯಿಲ್ ಕೂಡ ಪೆಟ್ರೋಲ್ ಜೊತೆಗೇ ಬರೋದು. ಹಾಗೇ ಬಲವಂತವಾಗಿ ಓಡಿಸಿದ್ದರೆ ಪಿಸ್ಟನ್ ಕಾದು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತಿತ್ತು. ಅಪ್ಪನ ಗಾಡಿಯ ಎಂಜಿನ್ನನ್ನು ನಾನೇ ಕೊಲ್ಲುತ್ತಿದ್ದೆ. ಒಂದು ಸೂಜಿಯಿಂದ ಎಲ್ಲ ಸರಿಹೋಯ್ತು.

ಆ ಮೂರನೇ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ನಾನು ರೋಗಕ್ಕೆ ಪಾರ್ಟ್ಸ್ ಹುಡುಕುತ್ತಿದ್ದೆ, ಅವರು ಗಾಡಿಯ ಚರಿತ್ರೆ ಕೇಳಿದರು.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಕಡಿಮೆ ಪೆಟ್ರೋಲ್ ಕುಡಿಯೋ ಫೋರ್-ಸ್ಟ್ರೋಕ್, ಆಯಿಲ್ ಕಲಸೋ ರಗಳೆ ಇಲ್ಲ. 1990ರ ದಶಕದಲ್ಲಿ ಹೊಗೆಯ ನಿಯಮಗಳೂ ಬಿಗಿಯಾದವು. ಅದು ತಪ್ಪೂ ಅಲ್ಲ. ಟೂ-ಸ್ಟ್ರೋಕಿನಲ್ಲಿ ಸುಡದ ಪೆಟ್ರೋಲ್, ಆಯಿಲ್ ಹೊಗೆ ಜೊತೆ ಹೊರಗೇ ಹೋಗುತ್ತೆ, ಅದು ನಾವೇ ಉಸಿರಾಡೋ ಗಾಳಿ. 1996ರಲ್ಲಿ ಮೈಸೂರಿನ ಫ್ಯಾಕ್ಟರಿ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು, ಆದರೆ ಫೋರ್-ಸ್ಟ್ರೋಕ್ ಎಂಜಿನ್ ಜೊತೆ.

ಫ್ಯಾಕ್ಟರಿ ಮುಚ್ಚಿ ಇಷ್ಟು ವರ್ಷ ಆದರೂ ಹಳೇ ಯೆಜ್ಡಿಗಳು ಓಡುತ್ತಿರೋದು ಇಂಥವರ ಕಿವಿ ಮತ್ತು ನೆನಪಿನಿಂದ. ಅವರ ಶೆಡ್ಡಿನಲ್ಲಿ ಕಲಿಯೋಕೆ ಈಗ ಹುಡುಗರು ಯಾರೂ ಇಲ್ಲ. ನಿಮ್ಮ ಮನೆಯಲ್ಲೂ ಹಳೇ ಗಾಡಿ ಇದ್ರೆ, ನಿಮ್ಮ ಮೆಕ್ಯಾನಿಕ್ ಹತ್ತಿರ ಒಂದು ಸಂಜೆ ಕೂತು ಕೇಳಿ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅದೂ ಇತಿಹಾಸವೇ.