ಬಟ್ಟೆಯಲ್ಲಿ ಕಟ್ಟಿದ ಕೂಸು

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಳೆಂಬ ಗಾದೆಯನ್ನು ನಾವು ಮರೆಗುಳಿಗಳ ಮೇಲೆ ಪ್ರಯೋಗಿಸುತ್ತೇವೆ. ಆ ಹೆಂಗಸಿಗೆ ಕೂಸಿನ ಭಾರ ಅರಿವಿಗೇ ಬಾರದೆ ಹೋದದ್ದು ಹೇಗೆಂದು ಮಾತ್ರ ಯಾರೂ ಕೇಳುವುದಿಲ್ಲ. ಚೆನ್ನಾಗಿ ಕಟ್ಟಿದ ಕೂಸು ಹೊತ್ತವಳ ಮೈಯ ಭಾಗವೇ ಆಗಿಬಿಡುತ್ತದೆ. ಹೀಗೆ ಕಟ್ಟಿಕೊಳ್ಳುವ ಪದ್ಧತಿಗೂ ಒಂದು ಇತಿಹಾಸವುಂಟು, ಬರೆದಿಟ್ಟವರು ಕಡಮೆ.

ಸಾಹಿತ್ಯದಲ್ಲಿ ತೊಟ್ಟಿಲಿಗೆ ಸಂದ ಮರ್ಯಾದೆ ಈ ಬಟ್ಟೆಗೆ ಸಲ್ಲಲಿಲ್ಲ. ತೊಟ್ಟಿಲು ಮನೆಯುಳ್ಳವರದು, ಬಟ್ಟೆ ದಾರಿ ನಡೆಯುವವರದು. ಕಥೆಗಳಲ್ಲಿ ಅದು ಕಾಣಿಸುವುದು ಕೊರವಂಜಿಯ ಸೊಂಟದಲ್ಲಿ. ಆಕಾಶರಾಜನ ಅರಮನೆಗೆ ಕಣಿ ಹೇಳಲು ಹೊರಟ ಶ್ರೀನಿವಾಸ ಬ್ರಹ್ಮನನ್ನೇ ಕೂಸಾಗಿ ಕಟ್ಟಿಕೊಂಡನಂತೆ. ಕೂಸಿಲ್ಲದಿದ್ದರೆ ವೇಷ ಪೂರ್ಣವಾಗದೆಂಬುದು ಅವನಿಗೂ ತಿಳಿದಿತ್ತು. ಇನ್ನೊಂದು ಪ್ರಸಿದ್ಧ ಚಿತ್ರ, ಮಗನನ್ನು ಬೆನ್ನಿಗೆ ಕಟ್ಟಿ ಕುದುರೆಯೇರಿದ ಝಾನ್ಸಿಯ ರಾಣಿಯದು. ಪ್ರತಿಮೆಗಳಲ್ಲಿ ಎಳೆಗೂಸಿನಂತೆ ತೋರುವ ಆ ದಾಮೋದರರಾಯನಿಗೆ 1858ರಲ್ಲಿ ಸುಮಾರು ಎಂಟು ವರ್ಷ! ಶಿಲ್ಪಿಗಳಿಗೆ ಇಷ್ಟು ಸ್ವಾತಂತ್ರ್ಯ ಸಲ್ಲಬೇಕಾದದ್ದೇ.

ನಮ್ಮ ಕೊಡಗಿಗೆ ಬರೋಣ. 1834ರಲ್ಲಿ ಈ ನಾಡು ಕಂಪನಿಯ ಕೈಸೇರಿತು. 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯ ಬಳಿ ಕಾಫಿ ತೋಟ ತೆರೆದನು. ಬೆಟ್ಟಗಳು ತೋಟಗಳಾದಂತೆ ಕಾಡಿನ ಮಕ್ಕಳಾದ ಯರವರು, ಕುರುಬರು ಕೂಲಿಗಳಾದರು. ಮೈಸೂರು ಸೀಮೆಯಿಂದಲೂ ಮಲಬಾರಿನಿಂದಲೂ ಜನ ಹತ್ತಿಬಂದರು. ಹಣ್ಣು ಕೊಯ್ಯುವವಳಿಗೆ ಎರಡು ಕೈಯೂ ಬೇಕು. ಕೊಯ್ಲಿನ ಚೀಲ ಸೊಂಟದ ಮುಂದೆ, ಕೂಸು ಹಳೆಯ ಸೀರೆಯ ತುಂಡಿನಲ್ಲಿ ಬೆನ್ನ ಮೇಲೆ. ಬಿಸಿಲೇರಿದ ಮೇಲೆ ಅದೇ ತುಂಡು ನೆರಳುಮರದ ಕೊಂಬೆಗೆ ಜೋಲಿ. ಬಾಲ್ಯದಲ್ಲಿ ಒಂದು ತೋಟದಲ್ಲಿ ನಾನು ಕಂಡದ್ದುಂಟು: ಬೆನ್ನಿನ ಕೂಸಿದ್ದರೆ ಕೈ ನಿಧಾನವಾಗುತ್ತದೆಂದು ಮೇಸ್ತ್ರಿ ಜೋಲಿ ಕಟ್ಟಿಸಿದ. ಕೊಂಬೆಯಿಂದ ಕೆಂಜಿರುವೆ ಇಳಿದು ಬಂತು. ಆ ಕೂಸಿನ ಅಳು ಇನ್ನೂ ಕಿವಿಯಲ್ಲಿದೆ. ಐವತ್ತು ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಗೃಹವಿರಬೇಕೆಂದು 1951ರ ತೋಟಕಾರ್ಮಿಕರ ಕಾಯಿದೆ ವಿಧಿಸಿತ್ತು. ಬೆನ್ನಿನ ಕೂಸನ್ನು ಕಂಡು ಕವಿತೆ ಕಟ್ಟುವವರು ಇದನ್ನು ನೆನೆಯುವುದು ಒಳ್ಳೆಯದು. ಅದು ಅಕ್ಕರೆಯೂ ಹೌದು, ಬೇರೆ ದಾರಿಯಿಲ್ಲದ್ದೂ ಹೌದು.

ಇತ್ತ ಪಾಶ್ಚಾತ್ಯರು ಈ ವಿದ್ಯೆಯನ್ನು ಮರಳಿ ಕಲಿತರು. ಜರ್ಮನಿಯಲ್ಲಿ ಅವಳಿ ಮಕ್ಕಳ ತಾಯಿ ಎರಿಕಾ ಹಾಫ್‌ಮನ್ 1972ರಲ್ಲಿ ಇಂಥ ಬಟ್ಟೆಯ ವ್ಯಾಪಾರವನ್ನೇ ಆರಂಭಿಸಿದರು. ಇದಕ್ಕಿಂತ ದೊಡ್ಡ ಸಂಗತಿ 1978ರಲ್ಲಿ ಕೊಲಂಬಿಯದ ಬೊಗೋಟಾದಲ್ಲಿ ನಡೆಯಿತು. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಕಾವುಪೆಟ್ಟಿಗೆಗಳು ಸಾಲದೆ, ವೈದ್ಯ ಎಡ್ಗರ್ ರೇ ಅವುಗಳನ್ನು ತಾಯಂದಿರ ಬರಿಯ ಎದೆಗೆ ನೆಟ್ಟಗೆ ಒರಗಿಸಿ ಕಟ್ಟಿಸಿದರು. ‘ಕಾಂಗರೂ ಆರೈಕೆ’ ಎಂಬ ಹೆಸರು ಬಂತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರಕಾರದೊಡನೆ ಸೇರಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ನಡೆಸಿದರು. ಅವಧಿಗೆ ಮುನ್ನ ಹುಟ್ಟಿದ ಅಥವಾ ತೂಕ ಕಡಮೆಯಿರುವ ಕೂಸುಗಳಿಗೆ ದಿನಕ್ಕೆ 8ರಿಂದ 24 ಗಂಟೆ ಈ ಆರೈಕೆ ಬೇಕೆಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ನನ್ನ ಮೊಮ್ಮಗಳು ಹುಟ್ಟಿದಾಗ ಎರಡು ಕಿಲೋ ಇದ್ದಳು. ದಾದಿ ಕಟ್ಟಿ ತೋರಿಸಿದರು: ಮುಖ ಸದಾ ಕಾಣುತ್ತಿರಬೇಕು, ಗಲ್ಲ ಎದೆಗೆ ಕುಸಿದರೆ ಉಸಿರಿನ ದಾರಿ ಮುಚ್ಚುತ್ತದೆ. ಬಗ್ಗಿದರೆ ನೆತ್ತಿಗೆ ಮುತ್ತಿಡುವಷ್ಟು ಎತ್ತರ, ಸಡಿಲವಿಲ್ಲದ ಬಿಗಿ, ಕಪ್ಪೆಯಂತೆ ಅಗಲಿದ ತೊಡೆಗಳು. ಈ ಕೊನೆಯದು ಹುಡುಗಾಟವಲ್ಲ. ಜಪಾನಿನಲ್ಲಿ 1975ರ ಸುಮಾರಿಗೆ ಕೂಸಿನ ಕಾಲುಗಳನ್ನು ಚಾಚಿ ಸುತ್ತುವುದನ್ನು ಬಿಡಿಸಿದ ಮೇಲೆ ಸೊಂಟದ ಕೀಲು ತಪ್ಪುವುದು ಬಹಳ ಇಳಿಯಿತು. ಜೋಲಾಡುವ ಚೀಲಗಳಲ್ಲಿ ಕೂಸುಗಳು ಉಸಿರುಗಟ್ಟಿ ಸತ್ತದ್ದರಿಂದ ಅಮೆರಿಕದ ಸರಕಾರ 2010ರಲ್ಲಿ ಎಚ್ಚರಿಕೆ ಹೊರಡಿಸಬೇಕಾಯಿತು.

ಮನೆಗೆ ಬಂದ ಮೇಲೆ ಮಗಳು ತಾನೇ ಕಟ್ಟಿಕೊಂಡಳು. ಹಿಂದೆ ತೋಟದಲ್ಲಿ ದುಡಿದು, ಈಗ ನಮ್ಮ ಅಂಗಳ ಗುಡಿಸಲು ಬರುವ ಮುದುಕಿ ಪೊರಕೆ ಬಿಟ್ಟು ನೋಡುತ್ತ ನಿಂತಳು. “ಕೆಳಗಾಯ್ತವ್ವಾ” ಎಂದು ಕೈ ತೊಳೆದು ಬಂದು, ಗಂಟನ್ನು ಬಿಚ್ಚಿ, ಕೂಸನ್ನು ನಾಲ್ಕು ಬೆರಳು ಮೇಲಕ್ಕೆ ಸರಿಸಿ ಮತ್ತೆ ಬಿಗಿದಳು. ಬಟ್ಟೆಯೊಳಗೆ ಮುಳುಗಿದ್ದ ಮೂಗು ಹೊರಗೆ ಬಂತು.