ಹಲಗೂರಿನ ಕಬ್ಬಿಣದ ಭಿಕ್ಷೆಯೂ ಸತ್ತ್ವಾವಜಯವೂ

ಕನಕಪುರದಿಂದ ಮಳವಳ್ಳಿಗೆ ಹೋಗುವ ಮಾರ್ಗದಲ್ಲಿರುವ ಹಲಗೂರು, ಮಂಟೇಸ್ವಾಮಿಯ ಕಾವ್ಯವನ್ನು ಬಲ್ಲವರಿಗೆ ಪಾಂಚಾಲರ ಊರೆಂದೇ ಪ್ರಸಿದ್ಧವು. ಕಬ್ಬಿಣವನ್ನು ಕಾಸಿ ಬಡಿಯುವ ಕುಲುಮೆಗಳು ಅಲ್ಲಿದ್ದುವೆಂದೂ, ಮಂಟೇಸ್ವಾಮಿಯು ತನ್ನ ಶಿಷ್ಯನಾದ ಸಿದ್ದಪ್ಪಾಜಿಯನ್ನು ಅಲ್ಲಿಗೆ ಕಬ್ಬಿಣದ ಭಿಕ್ಷೆಗೆಂದು ಕಳುಹಿಸಿದನೆಂದೂ ನೀಲಗಾರರು ತಂಬೂರಿ ಹಿಡಿದು ಹಾಡುತ್ತ ಬಂದಿರುವರು. ಈ ಕಾವ್ಯದ ಒಂದು ಪಾಠವನ್ನು ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದುದು ೧೯೯೭ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾಗಿದೆ. ಜಾನಪದಜ್ಞರು ಇದನ್ನು ಬಹುವಾಗಿ ಚರ್ಚಿಸಿರುವರು. ಆದರೆ ಮನಸ್ಸೆಂಬುದೇನು, ನೊಂದ ಮನಸ್ಸಿಗೆ ಮತ್ತೊಬ್ಬನು ಮಾಡಬಹುದಾದ ಉಪಚಾರವೇನು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಪ್ರಸಂಗವನ್ನು ಓದುವುದೂ ಅನುಚಿತವಾಗಲಾರದು. ಈಗ 'ಆಪ್ತಸಮಾಲೋಚನೆ' ಎಂದು ಕರೆಯಲ್ಪಡುವ ವಿದ್ಯೆಗೆ ನಮ್ಮ ಶಾಸ್ತ್ರಗಳಲ್ಲಿ ಏನು ಆಧಾರವಿದೆಯೆಂದು ವಿಚಾರಿಸುವವರು ಸಾಮಾನ್ಯವಾಗಿ ಗುರುಶಿಷ್ಯಸಂಬಂಧವನ್ನೇ ತೋರಿಸುವುದರಿಂದ, ಹಲಗೂರಿನ ಕಥೆಯು ಆ ಮಾತಿಗೆ ಒರೆಗಲ್ಲಾಗಿದೆ.

ಮೊದಲು ಶಾಸ್ತ್ರದ ಮಾತು. ಮನಸ್ಸನ್ನೂ ಚೈತನ್ಯವನ್ನೂ ಒಂದೆಂದು ತಿಳಿಯುವುದು ನಮ್ಮ ದರ್ಶನಕಾರರಲ್ಲಿ ಬಹುಮಂದಿಗೆ ಸಮ್ಮತವಲ್ಲ. ಸಾಂಖ್ಯರ ಮತದಲ್ಲಿ ಪುರುಷನು ಕೇವಲ ಸಾಕ್ಷಿ. ಬುದ್ಧಿ, ಅಹಂಕಾರ, ಮನಸ್ಸು ಎಂಬ ಮೂರೂ ಪ್ರಕೃತಿಯ ವಿಕಾರಗಳು, ಸ್ವತಃ ಅಚೇತನಗಳು. ನೈಯಾಯಿಕರಿಗೆ ಮನಸ್ಸು ಅಣುವು. ಏಕಕಾಲದಲ್ಲಿ ಎರಡು ಜ್ಞಾನಗಳು ಹುಟ್ಟದಿರುವುದೇ ಅದರ ಇರವಿಗೆ ಗುರುತು. ಇದು ಬರಿಯ ತರ್ಕದ ಸೂಕ್ಷ್ಮವೆಂದು ತೋರಬಹುದು. ಆದರೆ ವೈದ್ಯನಿಗೆ ಇದರಿಂದ ದೊಡ್ಡ ಪ್ರಯೋಜನವುಂಟು. ದುಃಖವು ಚೈತನ್ಯದ ಸ್ವಭಾವವೇ ಆಗಿದ್ದರೆ ಅದನ್ನು ತೆಗೆಯುವ ಉಪಾಯವೇ ಇರುತ್ತಿರಲಿಲ್ಲ. ಬೆಂಕಿಯಿಂದ ಬಿಸಿಯನ್ನು ತೆಗೆಯಲಾದೀತೆ? ಚರಕಸಂಹಿತೆಯ ಸೂತ್ರಸ್ಥಾನದ ಮೊದಲನೆಯ ಅಧ್ಯಾಯದಲ್ಲಿಯೇ ಶರೀರ ಮತ್ತು ಸತ್ತ್ವ, ಎಂದರೆ ಮನಸ್ಸು, ಇವೆರಡೇ ವ್ಯಾಧಿಗಳಿಗೆ ಆಶ್ರಯವೆಂದೂ ಆತ್ಮನು ನಿರ್ವಿಕಾರನೆಂದೂ ಹೇಳಿದೆ. ಮಾನಸದೋಷಗಳಿಗೆ ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿಗಳೆಂಬ ಐದು ಉಪಾಯಗಳನ್ನು ಅಲ್ಲಿಯೇ ವಿಧಿಸಿದೆ. ಹನ್ನೊಂದನೆಯ ಅಧ್ಯಾಯದಲ್ಲಿ ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಚಿಕಿತ್ಸೆಯು ಮೂರು ಬಗೆಯಾಗಿದೆ. ಮಂತ್ರ ಬಲಿ ಹೋಮಾದಿಗಳು ಮೊದಲನೆಯದು. ಆಹಾರ ಔಷಧಗಳ ಯೋಜನೆ ಎರಡನೆಯದು. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆದು ನಿಲ್ಲಿಸುವುದು ಮೂರನೆಯದು. ಮಾತಿನಿಂದಲೂ ಸಾನ್ನಿಧ್ಯದಿಂದಲೂ ಮಾಡುವ ಮನಶ್ಚಿಕಿತ್ಸೆಗೆ ನಮ್ಮ ಪ್ರಾಚೀನರ ಹೆಸರನ್ನು ಕೇಳಿದರೆ, ಗುರುತ್ವಕ್ಕಿಂತ ಮೊದಲು ಈ ಸತ್ತ್ವಾವಜಯವನ್ನು ಹೇಳುವುದು ನ್ಯಾಯವು.

ಇನ್ನು ಕಥೆಯ ಕಡೆಗೆ ಬರಬಹುದು. ಸಿದ್ದಪ್ಪಾಜಿಯ ಪೂರ್ವದ ಹೆಸರು ಕೆಂಪಾಚಾರಿ. ಅವನು ಕಾವ್ಯದ ನಿಡುಗಟ್ಟ, ಎಂದರೆ ಇಂದಿನ ಮದ್ದೂರು ತಾಲ್ಲೂಕಿನ ನಿಡಘಟ್ಟದ, ಆಚಾರಿಯ ಮನೆಯಲ್ಲಿ ಮುದ್ದಮ್ಮನ ಮಗನಾಗಿ ಹುಟ್ಟಿದವನು. ಅಂಥವನನ್ನು ಗುರುವು ಕಳುಹಿಸಿದುದು ಎಲ್ಲಿಗೆ? ತನ್ನ ಕುಲದವರಲ್ಲಿಗೇ. ಬೇಡಿಸಿದುದು ಏನನ್ನು? ತನ್ನ ಕುಲವೃತ್ತಿಯ ವಸ್ತುವನ್ನೇ. ಅಕ್ಕಿಯನ್ನೋ ರಾಗಿಯನ್ನೋ ಬೇಡುವುದಕ್ಕೆ ಊರುಗಳು ಬೇಕಾದಷ್ಟಿದ್ದುವು. ಅಹಂಕಾರಕ್ಕೆ ಅಭಿಮಾನವೇ ಲಕ್ಷಣವೆಂದು ಸಾಂಖ್ಯಕಾರಿಕೆಯು ಹೇಳುವುದಷ್ಟೆ. 'ಇದು ನನ್ನದು, ಇವರು ನನ್ನವರು' ಎಂಬ ಆ ಅಭಿಮಾನವು ಕುಲುಮೆಯವನಲ್ಲಿ ಎಲ್ಲಿ ಬೇರೂರಿರುವುದೋ ಅಲ್ಲಿಗೇ ಜೋಳಿಗೆ ಹಿಡಿದು ಹೋಗಬೇಕಾಯಿತು. ಹಲಗೂರಿನವರು ಕಬ್ಬಿಣವೇ ಇಲ್ಲವೆಂದರು, ಕಠಿನವಾದ ಪರೀಕ್ಷೆಗಳನ್ನೊಡ್ಡಿದರು. ಈ ಪವಾಡಗಳ ಕ್ರಮವು ಹಾಡುಗಾರರಿಂದ ಹಾಡುಗಾರರಿಗೆ ಬದಲಾಗುವುದು. ಅದರಿಂದ ಕಥೆಯ ತಿರುಳಿಗೆ ಬಾಧೆಯಿಲ್ಲ. ಕೊನೆಗೆ ಪಾಂಚಾಲರು ಸೋತು, ಭಿಕ್ಷೆಯು ಸಂದಿತು.

ಇಲ್ಲಿ ಚರಕನ ಮಾರ್ಗಕ್ಕೂ ಮಂಟೇಸ್ವಾಮಿಯ ಮಾರ್ಗಕ್ಕೂ ಇರುವ ಅಂತರವು ಸ್ಪಷ್ಟವಾಗುತ್ತದೆ. ವೈದ್ಯನು ಮನಸ್ಸನ್ನು ವಿಷಯದಿಂದ ಈಚೆಗೆ ಸೆಳೆಯುವನು. ಈ ಗುರುವು ಮನಸ್ಸನ್ನು ಅದೇ ವಿಷಯದ ಎದುರಿಗೆ ನೂಕುವನು. ಪಾಶ್ಚಾತ್ಯರಲ್ಲಿಯೂ ಈ ಎರಡನೆಯ ದಾರಿಯನ್ನು ಹಿಡಿದವರುಂಟು. ಅಂಜಿಕೆಯ ವಸ್ತುವನ್ನು ರೋಗಿಯು ನೆಮ್ಮದಿಯ ಸ್ಥಿತಿಯಲ್ಲಿದ್ದುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಕ್ರಮವನ್ನು ಜೋಸೆಫ್ ವೋಲ್ಪೆಯು ೧೯೫೮ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿರುವನು. ಆದರೆ ಅಲ್ಲಿ ಮೆಟ್ಟಿಲುಗಳುಂಟು, ಹಲಗೂರಿನಲ್ಲಿ ಮೆಟ್ಟಿಲುಗಳಿಲ್ಲ.

ನಮ್ಮ ನಾಡಿನಲ್ಲಿ ನೂತನ ಮನಶ್ಶಾಸ್ತ್ರದ ಅಧ್ಯಯನಕ್ಕೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ೧೯೨೪ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಅಸ್ತಿಭಾರವನ್ನು ಹಾಕಿದರು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಏರ್ಪಟ್ಟ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿಯ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಈ ವಿದ್ಯೆಯು ಹೊರಗಿನಿಂದ ಬಂದುದಾದುದರಿಂದ ಇಲ್ಲಿಯ ಜನರ ಮನೋಧರ್ಮಕ್ಕೆ ಹೊಂದಲಾರದೆಂಬ ಶಂಕೆಯು ಬಹುಕಾಲ ಉಳಿದಿತ್ತು. ಅದಕ್ಕೆ ಸಮಾಧಾನವಾಗಿಯೇ ಪಂಜಾಬಿ ಕವಿಯೂ ಮನೋವೈದ್ಯನೂ ಆದ ಜಸ್ವಂತ್ ಸಿಂಗ್ ನೇಕಿಯು ೧೯೭೩ರಲ್ಲಿ ಗುರುಶಿಷ್ಯಸಂಬಂಧವೇ ಭಾರತೀಯರ ಚಿಕಿತ್ಸೆಗೆ ಮಾದರಿಯಾಗಬಹುದೆಂದು ಪ್ರತಿಪಾದಿಸಿದನು. ರೋಗಿಯು ಹಿರಿಯನೊಬ್ಬನ ಆಸರೆಯನ್ನು ಬಯಸುವುದು ದೌರ್ಬಲ್ಯವಲ್ಲವೆಂದು ತೋರಿಸಿದುದು ಆ ಲೇಖನದ ಗುಣವು. ಅದು ಅನೇಕ ವೈದ್ಯರಿಗೆ ಕಣ್ಣು ತೆರೆಯಿಸಿತೆಂದರೆ ತಪ್ಪಾಗದು.

ಆದರೆ ನಿಡುಗಟ್ಟದ ಭಾಗವನ್ನು ಓದಿದವರು ಆ ಮಾದರಿಯನ್ನು ಹಾಗೆಯೇ ಅಂಗೀಕರಿಸಲಾರರು. ಕೆಂಪಾಚಾರಿಯು ತಾನಾಗಿ ಗುರುವನ್ನು ಅರಸಿಕೊಂಡು ಹೋದವನಲ್ಲ. ಗುರುವೇ ಅವನನ್ನು ಕೇಳಿಕೊಂಡು ಮನೆಬಾಗಿಲಿಗೆ ಬಂದನು. ತಾಯಿತಂದೆಗಳು ಕೊಡಲೊಲ್ಲದೆ ಹೋದರು. ಮನೆಗೆ ಕೇಡು ಬಂದ ಮೇಲೆ ಕೊಡಬೇಕಾಯಿತು. ಭಕ್ತರು ಇದನ್ನು ಲೀಲೆಯೆನ್ನುವರು, ಹಾಗೆನ್ನುವುದಕ್ಕೆ ಅವರಿಗೆ ಅಧಿಕಾರವುಂಟು. ಚಿಕಿತ್ಸಕನಿಗೆ ಆ ಅಧಿಕಾರವಿಲ್ಲ. ಗುರುವಿನ ಗುರಿ ಶಿಷ್ಯನ ಹಳೆಯ ಹೆಸರನ್ನೂ ಕುಲವನ್ನೂ ಕಳಚಿ ಬೇರೊಬ್ಬನನ್ನಾಗಿ ಮಾಡುವುದು. ವೈದ್ಯನ ಗುರಿ ಬಂದವನನ್ನು ಅವನ ಮನೆಗೇ ಅವನಾಗಿಯೇ ಹಿಂದಿರುಗಿಸುವುದು. ಸತ್ತ್ವಾವಜಯದಲ್ಲಿ ಧೈರ್ಯ ಸ್ಮೃತಿಗಳನ್ನು ಸೇರಿಸಿದ ಚರಕನು ಈ ಎರಡನೆಯದನ್ನೇ ಉದ್ದೇಶಿಸಿರುವನೆಂದು ತೋರುತ್ತದೆ: ಸ್ಮೃತಿಯೆಂದರೆ ತಾನಾರೆಂಬುದು ಮರೆಯದಿರುವುದಲ್ಲವೆ? ಇಂದಿನ ಆಪ್ತಸಮಾಲೋಚಕನು ತನ್ನ ಪೂರ್ವಿಕನನ್ನು ಮಠದ ಗದ್ದುಗೆಯಲ್ಲಿ ಹುಡುಕುವುದಕ್ಕಿಂತ ವೈದ್ಯನ ಜಗಲಿಯಲ್ಲಿ ಹುಡುಕುವುದು ಮೇಲು.

ನೀಲಗಾರರು ಈ ಭೇದವನ್ನು ಮರೆಮಾಡಿದವರಲ್ಲ. ಗುರುವಿನ ಮಹಿಮೆಯನ್ನು ಹಾಡುವ ಬಾಯಿಂದಲೇ ಮುದ್ದಮ್ಮನ ಗೋಳನ್ನೂ ಹಾಡುವರು. ಸಿದ್ದಪ್ಪಾಜಿಯ ಗದ್ದುಗೆಯಿರುವುದು ಹಲಗೂರಿನಿಂದ ದಕ್ಷಿಣಕ್ಕೆ, ಕಾವೇರಿಯ ಆಚೆ, ಚಿಕ್ಕಲ್ಲೂರಿನಲ್ಲಿ. ಪುಷ್ಯದ ಹುಣ್ಣಿಮೆಗೆ ಅಲ್ಲಿ ಜಾತ್ರೆ ನೆರೆಯುವುದು. ಹೆತ್ತವಳ ಮನೆಗೆ ಅವನು ಕೆಂಪಾಚಾರಿಯಾಗಿ ಮರಳಲಿಲ್ಲ.