ಎಂಜಿನಿಯರಿಂಗ್ ಸೀಟು: ಆಪ್ಷನ್ ಎಂಟ್ರಿಗೂ ಮುಂಚೆ ಫೀ ಮತ್ತು ಸಾಲದ ಲೆಕ್ಕ ಹೀಗೆ ಹಾಕಿ

ಹಾವೇರಿ: ಸಿಇಟಿ ರ್‍ಯಾಂಕ್ ಬಂತು ಅಂದ್ರೆ ಮನೆಗೆ ಬಂದವರೆಲ್ಲ ಕೇಳೋದು ಒಂದೇ, ಯಾವ ಕಾಲೇಜು ಸಿಗುತ್ತೆ ಅಂತ. ಫೀ ಹೇಗೆ ಕಟ್ತೀರಿ ಅಂತ ಯಾರೂ ಕೇಳಲ್ಲ. ಕೇಳಿದ್ರೂ "ಬ್ಯಾಂಕ್ ಲೋನ್ ಇದೆಯಲ್ಲ" ಅನ್ನೋ ಉತ್ತರಕ್ಕೆ ಮಾತು ಮುಗಿಯುತ್ತೆ. ಆ ಲೋನ್ ಓದು ಮುಗಿಯೋ ಹೊತ್ತಿಗೆ ಎಷ್ಟಾಗಿರುತ್ತೆ, ಯಾರು ತೀರಿಸಬೇಕು, ಮಧ್ಯದಲ್ಲಿ ಓದು ನಿಂತ್ರೆ ಏನು ಗತಿ ಅನ್ನೋದನ್ನ ಆಪ್ಷನ್ ಎಂಟ್ರಿಗೆ ಮುಂಚೆ ಕೂತು ಲೆಕ್ಕ ಹಾಕಬೇಕು. ಸೀಟು ಹಂಚಿಕೆ ಆದ ಮೇಲೆ ಯೋಚನೆ ಮಾಡೋಕೆ ಟೈಮ್ ಸಿಗಲ್ಲ. ಅದಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ಒಂದೇ ಬೆಂಚು, ಫೀ ಮೂರು ತರ

ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಒಂದೇ ಬೆಂಚಲ್ಲಿ ಮೂರು ತರದ ಫೀ ಕಟ್ಟಿದವರು ಕೂತಿರ್ತಾರೆ. ಕೆಇಎ ಮೂಲಕ ಬಂದವರದ್ದು ಕಡಿಮೆ, ಕಾಮೆಡ್-ಕೆ ಮೂಲಕ ಬಂದವರದ್ದು ಅದಕ್ಕಿಂತ ಜಾಸ್ತಿ, ಮ್ಯಾನೇಜ್‌ಮೆಂಟ್ ಕೋಟಾದವರದ್ದು ಇನ್ನೂ ಜಾಸ್ತಿ. ಪಾಠ ಒಂದೇ, ಪರೀಕ್ಷೆ ಒಂದೇ, ಡಿಗ್ರಿನೂ ಒಂದೇ. ಹಾವೇರಿ ದೇವಗಿರಿಯಲ್ಲಿರೋ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಫೀ ಇವೆಲ್ಲಕ್ಕಿಂತ ಕಡಿಮೆ.

ಫೀ ವರ್ಷ ವರ್ಷ ಬದಲಾಗುತ್ತೆ. ಹೋದ ವರ್ಷ ಅಣ್ಣ ಕಟ್ಟಿದ್ದು ಇಷ್ಟು ಅಂತ ನಂಬ್ಕೊಂಡು ಕೂರಬೇಡಿ, ಆ ವರ್ಷದ ಪಟ್ಟಿಯನ್ನ ಕೆಇಎ ವೆಬ್‌ಸೈಟಲ್ಲೇ ನೋಡಿ. ಅದರ ಮೇಲೆ ಹಾಸ್ಟೆಲ್, ಮೆಸ್, ಬಸ್ಸು, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್, ಪುಸ್ತಕದ ಖರ್ಚು ಸೇರಿಸಿ. ಸ್ಕಿಲ್ ಫೀ, ಪ್ಲೇಸ್‌ಮೆಂಟ್ ಫೀ ಅಂತ ಬೇರೆ ಏನಾದ್ರೂ ಇದೆಯಾ ಅಂತ ಕಾಲೇಜಲ್ಲಿ ಓದ್ತಿರೋ ಹುಡುಗರನ್ನೇ ಕೇಳಿ. ಮನೆಯಿಂದ ಓಡಾಡೋಕೆ ಆಗೋ ಕಾಲೇಜಾದ್ರೆ ಹಾಸ್ಟೆಲ್ ಖರ್ಚು ಪೂರ್ತಿ ಉಳಿಯುತ್ತೆ. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರೋದ್ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ.

4 ಲಕ್ಷ ಸಾಲ ಹೇಗೆ 5.40 ಲಕ್ಷ ಆಗುತ್ತೆ?

ಶಿಕ್ಷಣ ಸಾಲಕ್ಕೆ ಓದುವಾಗ ಮತ್ತು ಸಾಮಾನ್ಯವಾಗಿ ಓದು ಮುಗಿದ ಮೇಲೆ 1 ವರ್ಷ ಕಂತು ಕಟ್ಟೋ ಹಾಗಿಲ್ಲ. ಕಂತು ಇಲ್ಲ ಅಂದ್ರೆ ಬಡ್ಡಿ ಇಲ್ಲ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅದು ತಪ್ಪು. ಮೊದಲ ಕಂತಿನ ದುಡ್ಡು ಬಿಡುಗಡೆ ಆದ ದಿನದಿಂದಲೇ ಬಡ್ಡಿ ಬೀಳ್ತಾ ಹೋಗುತ್ತೆ.

ಲೆಕ್ಕಕ್ಕೆ ಶೇ. 10 ಬಡ್ಡಿ ಅಂತ ಇಟ್ಕೊಳ್ಳಿ. ವರ್ಷಕ್ಕೆ 1 ಲಕ್ಷದಂತೆ 4 ವರ್ಷ ಸಾಲ ತಗೊಂಡ್ರೆ, ಮೊದಲ ವರ್ಷದ 1 ಲಕ್ಷಕ್ಕೆ 5 ವರ್ಷದ ಸರಳ ಬಡ್ಡಿ 50 ಸಾವಿರ. ಎರಡನೇ ವರ್ಷದ್ದಕ್ಕೆ 40, ಮೂರನೇದಕ್ಕೆ 30, ನಾಲ್ಕನೇದಕ್ಕೆ 20 ಸಾವಿರ. ಒಟ್ಟು ಬಡ್ಡಿ 1.40 ಲಕ್ಷ. ಅಂದ್ರೆ ಇಎಂಐ ಶುರುವಾಗೋ ದಿನ ಸಾಲ 5.40 ಲಕ್ಷ. 10 ವರ್ಷದಲ್ಲಿ ತೀರಿಸಿದ್ರೆ ತಿಂಗಳ ಕಂತು ಸುಮಾರು 7,140 ರೂಪಾಯಿ.

ಈಗ ವರ್ಷಕ್ಕೆ 2.50 ಲಕ್ಷದ ಸೀಟು ನೋಡಿ. 4 ವರ್ಷಕ್ಕೆ 10 ಲಕ್ಷ ಸಾಲ. ಇಎಂಐ ಶುರುವಾಗೋ ಹೊತ್ತಿಗೆ 13.50 ಲಕ್ಷ. 10 ವರ್ಷಕ್ಕೆ ತಿಂಗಳ ಕಂತು ಸುಮಾರು 17,840. ಒಟ್ಟು ಕಟ್ಟೋದು 21 ಲಕ್ಷದ ಮೇಲೆ. ಅವಧಿಯನ್ನ 15 ವರ್ಷಕ್ಕೆ ಎಳೆದ್ರೆ ಕಂತು 14,500ಕ್ಕೆ ಇಳಿಯುತ್ತೆ, ಆದ್ರೆ ಒಟ್ಟು ಕಟ್ಟೋದು 26 ಲಕ್ಷ ಆಗುತ್ತೆ.

ಬೆಂಗಳೂರಲ್ಲಿ ಮೊದಲ ಕೆಲಸಕ್ಕೆ ಕೈಗೆ 25 ಸಾವಿರ ಸಂಬಳ ಬಂತು ಅಂತ ಇಟ್ಕೊಳ್ಳಿ. ಮೊದಲನೇ ಸಾಲದವನಿಗೆ ಕಂತು ಕಟ್ಟಿ ಸುಮಾರು 17,800 ಉಳಿಯುತ್ತೆ. ಎರಡನೇ ಸಾಲದವನಿಗೆ ಉಳಿಯೋದು 7 ಸಾವಿರ ಚಿಲ್ಲರೆ. ಅಷ್ಟರಲ್ಲಿ ಪಿಜಿ ಬಾಡಿಗೆ ಕಟ್ಟಿ ಊಟ ಮಾಡೋದು ಹೇಗೆ? ಕೊನೆಗೆ ಊರಲ್ಲಿ ಅಪ್ಪ ಗೋವಿನಜೋಳ ಮಾರಿದ ದುಡ್ಡಲ್ಲೇ ಕಂತು ತುಂಬಬೇಕಾಗುತ್ತೆ. ಆ ಕಾಲೇಜಲ್ಲಿ ಓದಿದವರಿಗೆ ನಿಜವಾಗ್ಲೂ ಎಷ್ಟು ಸಂಬಳ ಸಿಗ್ತಿದೆ ಅಂತ ವಿಚಾರಿಸಿ. ಬ್ಯಾನರ್ ಮೇಲಿರೋ ಅತಿ ಹೆಚ್ಚಿನ ಪ್ಯಾಕೇಜ್ ಒಬ್ಬರದ್ದೋ ಇಬ್ಬರದ್ದೋ ಆಗಿರುತ್ತೆ.

ಬ್ಯಾಂಕಲ್ಲಿ ಏನು ಕೇಳ್ತಾರೆ?

ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಬೇಡ, ಕೈಯಿಂದ ಪಾಲೂ ಹಾಕಬೇಕಿಲ್ಲ. 4 ಲಕ್ಷ ದಾಟಿದ್ರೆ ಖರ್ಚಿನ ಶೇ. 5 ನೀವು ಹಾಕಬೇಕು. 7.50 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಕ್ರೆಡಿಟ್ ಗ್ಯಾರಂಟಿ ಇದೆ. ಅದರ ಮೇಲೆ ಹೋದ್ರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳ್ತಾರೆ.

ನಮ್ಮ ಕಡೆ ಜನ ಎಡವೋದು ಇಲ್ಲೇ. ಹೊಲದ ಪಹಣಿ ಹಿಡ್ಕೊಂಡು ಹೋದ್ರೆ ಬಹಳ ಬ್ಯಾಂಕುಗಳು ಒಪ್ಪಲ್ಲ. ಕೃಷಿ ಜಮೀನಿಗೆ ಸರ್ಫೇಸಿ ಕಾಯ್ದೆ ಅನ್ವಯ ಆಗಲ್ಲ, ಹಾಗಾಗಿ ಮನೆ ಅಥವಾ ಸೈಟಿನ ಪತ್ರ ಕೇಳ್ತಾರೆ. ಹತ್ತು ಎಕರೆ ಇದ್ರೂ ಊರಲ್ಲಿ ಸರಿಯಾದ ಖಾತೆ ಇರೋ ಮನೆ ಇಲ್ಲ ಅಂದ್ರೆ ಕಷ್ಟ. ಸೀಟು ತಗೊಳ್ಳೋ ಮುಂಚೆನೇ ಬ್ಯಾಂಕಿಗೆ ಒಮ್ಮೆ ಹೋಗಿ ಬನ್ನಿ.

ಅಪ್ಪ ಅಥವಾ ಅಮ್ಮ ಸಹ ಅರ್ಜಿದಾರರಾಗಿ ಸಹಿ ಹಾಕ್ತಾರೆ. ಕಂತು ತಪ್ಪಿದ್ರೆ ಇಬ್ಬರ ಸಿಬಿಲ್ ಸ್ಕೋರೂ ಕೆಡುತ್ತೆ. ನಾಳೆ ಬೇರೆ ಸಾಲ ಕೇಳೋಕೆ ಹೋದಾಗ ಇದೇ ಅಡ್ಡ ಬರುತ್ತೆ. ನಿಮ್ಮೂರು ನಮ್ಮ ಬ್ರಾಂಚಿನ ವ್ಯಾಪ್ತಿಗೆ ಬರಲ್ಲ ಅಂತ ಅರ್ಜಿ ವಾಪಸ್ ಕೊಟ್ರೆ ಸುಮ್ಮನೆ ಬರಬೇಡಿ. ಆ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಲಿಖಿತ ಉತ್ತರ ಕೇಳಿ.

ಸಾಲಕ್ಕಿಂತ ಮುಂಚೆ ಇವನ್ನ ನೋಡಿ

* ಎಸ್‌ಎನ್‌ಕ್ಯೂ ಸೀಟು: ಕುಟುಂಬದ ವರ್ಷದ ಆದಾಯ 8 ಲಕ್ಷದ ಒಳಗಿದ್ರೆ ಬೋಧನಾ ಶುಲ್ಕ ಮಾಫಿ. ಈ ಸೀಟು ತಗೊಂಡ್ರೆ ಆಮೇಲೆ ಕಾಲೇಜು, ಕೋರ್ಸ್ ಬದಲಾಯಿಸೋ ಹಾಗಿಲ್ಲ.
* ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳು: ಆದಾಯ 2.50 ಲಕ್ಷದ ಒಳಗಿದ್ರೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ.
* ವಿದ್ಯಾಸಿರಿ: ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಅರ್ಹ ವಿದ್ಯಾರ್ಥಿಗಳಿಗೆ ತಿಂಗಳ ಲೆಕ್ಕದಲ್ಲಿ 10 ತಿಂಗಳು ನೆರವು.
* ಅರಿವು ಸಾಲ: ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ನಿಗಮ ಮತ್ತು ಅಲ್ಪಸಂಖ್ಯಾತರ ನಿಗಮದಿಂದ ಶೇ. 2ರ ದರದಲ್ಲಿ. ಬ್ಯಾಂಕಿನ ದರದ ಜೊತೆ ಹೋಲಿಸಿ ನೋಡಿ.
* ಕೇಂದ್ರದ ಬಡ್ಡಿ ಸಹಾಯಧನ: ಆದಾಯ 4.50 ಲಕ್ಷದ ಒಳಗಿರೋ, ವೃತ್ತಿಪರ ಕೋರ್ಸಿನ ಅರ್ಹ ವಿದ್ಯಾರ್ಥಿಗಳಿಗೆ ಓದೋ ಅವಧಿ ಮತ್ತು ನಂತರದ 1 ವರ್ಷದ ಬಡ್ಡಿಯನ್ನ ಸರ್ಕಾರವೇ ಕಟ್ಟುತ್ತೆ.
* ಪಿಎಂ ವಿದ್ಯಾಲಕ್ಷ್ಮಿ: 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಯೋಜನೆ. ಪಟ್ಟಿಯಲ್ಲಿರೋ ಕಾಲೇಜಿಗೆ ಮಾತ್ರ. ಅಡಮಾನ, ಜಾಮೀನು ಬೇಡ. ಆದಾಯ 8 ಲಕ್ಷದ ಒಳಗಿದ್ರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಅನ್ವಯ ಇಲ್ಲ.

ಯೋಜನೆಗೆ ತಕ್ಕಂತೆ ಜಾತಿ, ಆದಾಯ ಪ್ರಮಾಣಪತ್ರ ಬೇಕಾಗುತ್ತೆ. ನಾಡಕಚೇರಿಯಲ್ಲಿ ಈಗಲೇ ಮಾಡಿಸಿಟ್ಕೊಳ್ಳಿ.

ಆಪ್ಷನ್ ಹಾಕುವಾಗ ಹುಷಾರು

ಕಟ್ಟೋಕೆ ಆಗದ ಕಾಲೇಜನ್ನ "ಇರಲಿ ನೋಡೋಣ" ಅಂತ ಪಟ್ಟಿಯ ಮೇಲೆ ಹಾಕಬೇಡಿ. ಚಾಯ್ಸ್-2 ಕೊಟ್ಟು ಮುಂದಿನ ಸುತ್ತಿಗೆ ಹೋದಾಗ ಮೇಲಿನ ಆಪ್ಷನ್ ಸಿಕ್ಕಿಬಿಟ್ರೆ ಕೈಯಲ್ಲಿದ್ದ ಹಳೇ ಸೀಟು ತಾನಾಗೇ ಹೋಗುತ್ತೆ. ಕಡಿಮೆ ಫೀ ಸೀಟು ಕಳ್ಕೊಂಡು ಜಾಸ್ತಿ ಫೀದು ಕೊರಳಿಗೆ ಬೀಳುತ್ತೆ.

ರಸೀದಿ ಕೊಡದೆ ನಗದು ಕೇಳಿದ್ರೆ ಕೊಡಬೇಡಿ. ಕ್ಯಾಪಿಟೇಷನ್ ಫೀ ತಗೊಳ್ಳೋದನ್ನ ರಾಜ್ಯದಲ್ಲಿ 1984ರ ಕಾಯ್ದೆಯೇ ನಿಷೇಧಿಸಿದೆ. ರಸೀದಿ ಇಲ್ಲದ ದುಡ್ಡಿಗೆ ಬ್ಯಾಂಕ್ ಸಾಲವೂ ಸಿಗಲ್ಲ.

ಓದು ಬಿಟ್ರೂ ಸಾಲ ಬಿಡಲ್ಲ

ಇದನ್ನ ಅನುಭವದಿಂದ ಬರೀತಿದ್ದೀನಿ. ನಾನು ಡಿಗ್ರಿ ಎರಡನೇ ವರ್ಷದಲ್ಲಿ ಕಾಲೇಜು ಬಿಟ್ಟವನು. ಟಿಸಿ, ಮಾರ್ಕ್ಸ್ ಕಾರ್ಡ್ ಕೇಳೋಕೆ ಹೋದಾಗ ಉಳಿದ ವರ್ಷದ ಫೀ ಕಟ್ಟಿ ಅಂದ್ರು. ಮೂರು ಸಲ ಅಲೆದೆ. ಮೂಲ ದಾಖಲೆಗಳನ್ನ ಕಾಲೇಜು ಇಟ್ಕೊಳ್ಳೋ ಹಾಗಿಲ್ಲ ಅಂತ ಯುಜಿಸಿ ನಿಯಮ ಇದೆ ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. ನನ್ನ ಹೆಸರಲ್ಲಿ ಬ್ಯಾಂಕ್ ಸಾಲ ಇರಲಿಲ್ಲ, ಅದಕ್ಕೆ ಅಷ್ಟಕ್ಕೇ ಮುಗೀತು.

ಸಾಲ ಇದ್ದಿದ್ರೆ ಕತೆ ಬೇರೆ. ಓದು ನಿಂತ್ರೂ ಅಲ್ಲಿವರೆಗೆ ಬಿಡುಗಡೆ ಆದ ದುಡ್ಡನ್ನ ಬಡ್ಡಿ ಸಮೇತ ಕಟ್ಟಲೇಬೇಕು. ಅನಾರೋಗ್ಯದಂಥ ಕಾರಣ ಬಿಟ್ರೆ ಕೇಂದ್ರದ ಬಡ್ಡಿ ಸಹಾಯಧನವೂ ಕೈತಪ್ಪುತ್ತೆ. ಡಿಗ್ರಿ ಇರಲ್ಲ, ಸಾಲ ಮಾತ್ರ ಇರುತ್ತೆ. 2018ರಲ್ಲಿ ರಾಜ್ಯದಲ್ಲಿ ಮನ್ನಾ ಆಗಿದ್ದು ರೈತರ ಬೆಳೆ ಸಾಲ. ಮಕ್ಕಳ ಶಿಕ್ಷಣ ಸಾಲವೂ ಒಂದಿನ ಮನ್ನಾ ಆಗುತ್ತೆ ಅಂತ ಕಾಯಬೇಡಿ.

ಸಾಲ ತಗೊಳ್ಳಲೇಬೇಕು ಅಂದ್ರೆ ಓದುವಾಗಲೇ ಬಡ್ಡಿಯಷ್ಟಾದ್ರೂ ಕಟ್ಟಿ. ಮೊದಲ ವರ್ಷದ 1 ಲಕ್ಷಕ್ಕೆ ತಿಂಗಳ ಬಡ್ಡಿ ಸುಮಾರು 833 ರೂಪಾಯಿ. ಹೀಗೆ ಕಟ್ಟೋರಿಗೆ ಕೆಲವು ಬ್ಯಾಂಕುಗಳು ಬಡ್ಡಿ ದರದಲ್ಲಿ ಶೇ. 1ರವರೆಗೆ ರಿಯಾಯಿತಿ ಕೊಡ್ತವೆ, ಕೇಳಿ ನೋಡಿ.

ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಹಾಳೆ ತಗೊಳ್ಳಿ. ಆಪ್ಷನ್ ಪಟ್ಟಿಯಲ್ಲಿರೋ ಒಂದೊಂದು ಕಾಲೇಜಿನ ಮುಂದೆ 4 ವರ್ಷದ ಒಟ್ಟು ಖರ್ಚು, ಬೇಕಾಗೋ ಸಾಲ, ತಿಂಗಳ ಕಂತು ಬರೀರಿ. ಅಪ್ಪ, ಅಮ್ಮ ಇಬ್ಬರಿಗೂ ಓದಿ ಹೇಳಿ. ಸಹಿ ಹಾಕೋರು ಅವರು, ಮೊತ್ತ ಮೊದಲೇ ಅವರಿಗೆ ಗೊತ್ತಿರಬೇಕು.